ಉಗುರಿಗೆ ಹೋಗುವುದನ್ನು ಕೊಡಲಿಗೆ ಉಳಿಸಬೇಡ

ತಮ್ಮಾ, ನಿನ್ನ ಹುರುಪು ನನಗೆ ಇಷ್ಟ. ಗೆಳೆಯರನ್ನು ಕೂಡಿಸಿ, ಒಂದು ಭಾನುವಾರ ಗೊತ್ತು ಮಾಡಿ, ಊರ ಹಿಂದಿನ ಮಡ್ಡಿಯ ಬಳ್ಳಾರಿ ಜಾಲಿಯನ್ನೆಲ್ಲ ಸಾಫ್ ಮಾಡುತ್ತೇವೆ ಎಂದು ಮೊಬೈಲಿನಲ್ಲಿ ಸಾರಿದ್ದೀ. ಕೊಡಲಿ ಹೆಗಲ ಮೇಲಿಟ್ಟುಕೊಂಡು ತೆಗೆಸಿದ ಫೋಟೋ ಚಂದ ಬಂದಿದೆ. ತಂಗೀ, ಅದರಲ್ಲಿ ನೀನೂ ಇದ್ದೀ. ಕೈಗವಸು ಹಾಕಿಕೊಂಡವಳು ನೀನೊಬ್ಬಳೇ, ಅದಕ್ಕೆ ಶಾಬಾಸ್. ಈಗ ಇಬ್ಬರೂ ಸ್ವಲ್ಪ ಹೊತ್ತು ಕುಳಿತು ನನ್ನ ಮಾತು ಕೇಳಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಹೇಳಿದ್ದು ನಿಮ್ಮಂಥ ಒಳ್ಳೆಯ ಮಕ್ಕಳನ್ನು ನೋಡಿಯೇ ಇರಬೇಕು.

ಜಾಲಿ ಕಡಿದರೆ ಸಾಯುವುದಿಲ್ಲ. ಇದೊಂದನ್ನು ಮೊದಲು ತಲೆಯಲ್ಲಿ ಇಟ್ಟುಕೋ. ಬೇಸಿಗೆಯಲ್ಲಿ ನೆಲಮಟ್ಟಕ್ಕೆ ಕಡಿದು ಬಂದ ಕಂಟಿಯನ್ನು ಎರಡು ಮಳೆ ಬಿದ್ದ ಮೇಲೆ ಹೋಗಿ ನೋಡು: ಒಂದು ಕಾಂಡ ಇದ್ದಲ್ಲಿ ಸುತ್ತಲೂ ಚಿಗುರು ಎದ್ದು ನಿಂತಿರುತ್ತವೆ. ಮೊದಲು ಅದರ ಬುಡದಲ್ಲಿ ಕುರಿಯಾದರೂ ಹಾಯುತ್ತಿತ್ತು, ಈಗ ಅದೂ ಹಾಯದಷ್ಟು ದಟ್ಟ. ಅದರ ಜೀವ ಅಡಗಿರುವುದು ಕಾಂಡ ಮಣ್ಣಿಗೆ ಇಳಿಯುವ ಜಾಗದಲ್ಲಿ, ಮೇಲಿನ ಒಂದು ಗೇಣಿನೊಳಗೆ. ಅಲ್ಲಿ ಮೊಗ್ಗುಗಳು ಮಲಗಿರುತ್ತವೆ. ಮೇಲಿನ ಟೊಂಗೆ ಹೋದ ಕೂಡಲೇ ಎಲ್ಲವೂ ಒಮ್ಮೆಗೇ ಏಳುತ್ತವೆ. ಕೊಡಲಿಯಿಂದ ನೀನು ಅದಕ್ಕೆ ಮಾಡುವುದು ಸವರುವ ಕೆಲಸ.

ಇದು ನಮ್ಮ ನೆಲದ ಗಿಡವಲ್ಲ, ಮೆಕ್ಸಿಕೊ, ಕೆರಿಬಿಯನ್, ದಕ್ಷಿಣ ಅಮೆರಿಕದ ಕಡೆಯದು. ಜಮೈಕಾದಿಂದ ಬೀಜ ತರಿಸಿ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಬಿತ್ತಿದ್ದು 1877ರ ಸುಮಾರಿಗೆ. ಮದ್ರಾಸ್ ಪ್ರಾಂತದ ಅರಣ್ಯಾಧಿಕಾರಿಗಳಿಗೆ ಬರಕ್ಕೂ ಬಗ್ಗದ ಉರುವಲು ಬೇಕಾಗಿತ್ತು, ಸಿಕ್ಕಿತು. ಅರಿಜೋನಾದ ಒಂದು ಗಣಿ ತೋಡುವಾಗ ಇದೇ ಬಳಗದ ಗಿಡವೊಂದರ ಬೇರು 53 ಮೀಟರ್ ಆಳದಲ್ಲಿ ಕಂಡಿತ್ತು. ನಮ್ಮ ಊರಿನ ಎಷ್ಟು ಬಾವಿ ಅಷ್ಟು ಆಳ ಇದ್ದಾವು, ನೀನೇ ಹೇಳು. ಗುಜರಾತದ ಕಛ್‌ನಲ್ಲಿ ಬನ್ನಿ ಎಂಬ ದೊಡ್ಡ ಹುಲ್ಲುಗಾವಲಿದೆ. ಉಪ್ಪು ನೆಲ ಮುಂದೆ ಬರದಿರಲಿ ಎಂದು ಅಲ್ಲಿ 1961ರಿಂದ ಅರಣ್ಯ ಇಲಾಖೆಯೇ ಇದನ್ನು ನೆಟ್ಟಿತು. ಈಗ ಅಲ್ಲಿಯ ದನಗಾಹಿಗಳು ಹುಲ್ಲಿಗಾಗಿ ಪರದಾಡುತ್ತಾರೆ. ತಮಿಳುನಾಡಿನಲ್ಲಿ 2017ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠವೇ ಈ ಜಾಲಿಯನ್ನು ತೆಗೆಸಿ ಎಂದು ಆದೇಶ ಕೊಡಬೇಕಾಯಿತು. ಹೈಕೋರ್ಟಿಗೂ ಸುಲಭಕ್ಕೆ ಜಗ್ಗದ ಗಿಡಕ್ಕೆ ನೀನು ಒಂದು ಭಾನುವಾರ ಗೊತ್ತು ಮಾಡಿದ್ದೀ, ಅದೂ ಹತ್ತು ಗಂಟೆಗೆ ನಾಷ್ಟಾ ಮುಗಿಸಿಕೊಂಡು.

ಹಾಗಂತ ಕೈಬಿಡು ಅಂತ ನಾನು ಹೇಳುತ್ತಿಲ್ಲ. ಗೆಲ್ಲುವ ದಾರಿ ಇದೆ, ಅದು ನಿಧಾನದ ದಾರಿ.

ಮೊದಲು ಗಿಡದ ಗುರುತು ಕಲಿ. ಮುಳ್ಳಿದ್ದದ್ದೆಲ್ಲ ಬಳ್ಳಾರಿ ಜಾಲಿ ಅಲ್ಲ. ಕರಿಜಾಲಿ ನಮ್ಮದೇ ಗಿಡ: ಹೂವು ಹಳದಿ ಗುಂಡು, ಕಾಯಿ ಬೂದುಬಣ್ಣ, ಎರಡು ಬೀಜಗಳ ನಡುವೆ ಒತ್ತಿ ಸಣ್ಣಗಾಗಿರುತ್ತದೆ. ನೇಗಿಲಿಗೆ, ಬಂಡಿಗೆ, ಕುಂಟೆಗೆ ನಮ್ಮ ಬಡಿಗೇರರು ಕೇಳುತ್ತಿದ್ದದ್ದು ಅದೇ ಕಟ್ಟಿಗೆ. ಬಳ್ಳಾರಿ ಜಾಲಿಯ ಹೂವು ಬೆರಳುದ್ದದ ಹಸಿರು-ಹಳದಿ ತೆನೆ. ಕಾಯಿ ಚಪ್ಪಟೆ, ಬಲಿತಾಗ ಒಣಹುಲ್ಲಿನ ಬಣ್ಣ, ಕಚ್ಚಿದರೆ ಸಿಹಿ. ಎಡವುವುದು ಬನ್ನಿ ಗಿಡದಲ್ಲಿ. ಅದು ಬಳ್ಳಾರಿ ಜಾಲಿಯ ಹತ್ತಿರದ ಬಳಗ, ಅದರ ಹೂವೂ ತೆನೆಯೇ. ಮುಳ್ಳು ನೋಡಿ ಗುರುತಿಸು. ಬನ್ನಿಯ ಮುಳ್ಳು ಗಿಡ್ಡ, ಟೊಂಗೆಯುದ್ದಕ್ಕೂ ಚೆದುರಿಕೊಂಡಿರುತ್ತವೆ. ಬಳ್ಳಾರಿ ಜಾಲಿಯದು ಉದ್ದ, ಎಲೆ ಹುಟ್ಟುವ ಗೆಣ್ಣಿನಲ್ಲೇ ಕೂತಿರುತ್ತವೆ. ಇಷ್ಟು ನೋಡದೆ ಬನ್ನಿ ಕಡಿದು ಬಂದರೆ ದಸರೆಯ ದಿನ ಊರವರಿಗೆ ಏನು ಕೊಟ್ಟು ಬಂಗಾರದಂಗ ಇರೋಣ ಅನ್ನುತ್ತೀ? ಅನುಮಾನ ಬಂದರೆ ಆ ಗಿಡ ಬಿಟ್ಟು ಮುಂದಕ್ಕೆ ಹೋಗು. ಕುರಿ ಕಾಯುವ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ದರೆ ಇನ್ನೂ ಒಳ್ಳೆಯದು. ಅವರಿಗೆ ದೂರದಿಂದಲೇ ಗೊತ್ತಾಗುತ್ತದೆ.

ಇನ್ನು ಎಲ್ಲಿಂದ ಶುರು ಮಾಡಬೇಕು? ನಿನ್ನ ಕಣ್ಣು ಎಲ್ಲಕ್ಕಿಂತ ದಟ್ಟವಾದ ಜಾಗಕ್ಕೇ ಓಡುತ್ತದೆ. ಅಲ್ಲಿ ಕಡಿದರೆ ಕಡಿದದ್ದು ಕಾಣುತ್ತದೆ, ಫೋಟೋಕ್ಕೂ ಚಂದ. ಅಲ್ಲಿಗೆ ಹೋಗಬೇಡ. ಜಾಲಿ ಇನ್ನೂ ಒಂದೊಂದಾಗಿ ಕಾಲಿಡುತ್ತಿರುವ ಅಂಚು ಇದೆಯಲ್ಲ, ಹುಲ್ಲು ಇನ್ನೂ ಬದುಕಿದೆಯಲ್ಲ, ಅಲ್ಲಿಂದ ಶುರು ಮಾಡಿ ದಟ್ಟ ಜಾಲಿಯ ಕಡೆಗೆ ಸರಿಯುತ್ತ ಹೋಗು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಜೋನ್ ಮತ್ತು ಐಲೀನ್ ಬ್ರ್ಯಾಡ್ಲಿ ಎಂಬ ಅಕ್ಕತಂಗಿಯರು 1960ರ ದಶಕದಿಂದ ತಮ್ಮ ಓಣಿಯ ಹತ್ತಿರದ ಕಾಡನ್ನು ಹೀಗೆಯೇ ಉಳಿಸಿದರು. ಒಳ್ಳೆಯ ಜಾಗದಿಂದ ಕೆಟ್ಟ ಜಾಗದ ಕಡೆಗೆ ನಡೆ, ಮಣ್ಣನ್ನು ಕೆದಕುವುದು ಕಡಿಮೆ ಇರಲಿ, ಅಲ್ಲಿಯದೇ ಗಿಡ ಎಷ್ಟು ಬೇಗ ತಿರುಗಿ ಬರುತ್ತದೋ ಅಷ್ಟೇ ಬೇಗ ನೀನು ಮುಂದೆ ಹೋಗು, ಇಷ್ಟೇ ಅವರ ಪದ್ಧತಿ. ದೊಡ್ಡ ಯಂತ್ರ ಇರಲಿಲ್ಲ, ದೊಡ್ಡ ದಂಡೂ ಇರಲಿಲ್ಲ. ಇಬ್ಬರು ಹೆಂಗಸರು ದಿನಾ ಅಡ್ಡಾಡಲು ಹೋದಾಗ ಮಾಡಿದ ಕೆಲಸ ಅದು. ಬನಹಟ್ಟಿಯ ನೇಕಾರ ಎಳೆ ಹರಿದ ಕೂಡಲೇ ಮಗ್ಗ ನಿಲ್ಲಿಸಿ ಗಂಟು ಹಾಕುತ್ತಾನೆ, ಸೀರೆ ಮುಗಿಯಲಿ ಆಮೇಲೆ ನೋಡೋಣ ಅನ್ನುವುದಿಲ್ಲ. ಹುಲ್ಲಿನ ನಡುವೆ ಹೊಸ ಜಾಲಿ ಸಸಿ ಕಂಡಾಗ ನೀನೂ ಹಾಗೆ ನಿಲ್ಲು.

ಸಸಿ ಕೀಳುವುದಕ್ಕೆ ಕಾಲ ಇದೆ. ಬೇಸಿಗೆಯಲ್ಲಿ ಮಡ್ಡಿ ನೆಲ ಕಲ್ಲಾಗಿರುತ್ತದೆ; ಎಳೆದರೆ ಸಸಿ ಬುಡದಲ್ಲಿ ಕಿತ್ತು ನಿನ್ನ ಕೈಗೆ ಬರುತ್ತದೆ, ಬೇರು ಒಳಗೇ ಉಳಿಯುತ್ತದೆ, ಮೊದಲಿಗಿಂತ ಗಟ್ಟಿಯಾಗಿ ಏಳುತ್ತದೆ. ಮಿರಗದ ಮಳೆ ಚೆನ್ನಾಗಿ ಬಿದ್ದ ಮೇಲೆ ಹೋಗು. ಮಸಾರಿಯಲ್ಲಿ, ಮಡ್ಡಿಯಲ್ಲಿ ಮಳೆ ನಿಂತ ಮರುದಿನವೇ ಆಗುತ್ತದೆ. ಎರಿ ಹೊಲದಲ್ಲಿ ಕಾಲು ಹೂಳುವುದು ನಿಲ್ಲುವ ತನಕ ತಡಿ, ಮತ್ತೆ ಬಿರುಕು ಬಿಡುವ ಮೊದಲು ಮುಗಿಸು. ಮೊಣಕಾಲಿಗಿಂತ ಕೆಳಗಿನ ಸಸಿಯನ್ನು ಬುಡ ಹಿಡಿದು ನೇರ ಮೇಲಕ್ಕೆ ಎಳೆದರೆ ಬೇರು ಸಮೇತ ಬರುತ್ತದೆ. ಹಟ ಮಾಡಿದರೆ ಕುರ್ಪಿಯಿಂದ ಪಕ್ಕಕ್ಕೆ ಸಡಿಲಿಸು. ಕಿತ್ತದ್ದನ್ನು ಬೇರು ಮೇಲಾಗಿ ಕಲ್ಲಿನ ಮೇಲೆ ಒಗೆ. ಈ ಕೆಲಸಕ್ಕೆ ಗಂಡಸರ ತೋಳಬಲ ಬೇಡ. ಶಾಲೆಯ ಹುಡುಗಿಯರು, ಮುದುಕರು, ಯಾರು ಬೇಕಾದರೂ ಮಾಡಬಹುದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಗೊಂಡರಂತೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಇವತ್ತು ಎರಡು ಬೆರಳಿನಲ್ಲಿ ಬರುವ ಸಸಿ, ಮೂರು ಮಳೆಗಾಲ ಬಿಟ್ಟರೆ ಇಬ್ಬರ ಬೆವರು ಇಳಿಸುತ್ತದೆ.

ಬಲಿತ ಕಂಟಿಗೆ ಬೇರೆ ದಾರಿ. ಮೊದಲು ಟೊಂಗೆಗಳನ್ನು ಸವರಿ ಒಂದು ಕಡೆ ಒಟ್ಟು, ಮುಳ್ಳು ಒಳಮುಖವಾಗಿ ಇರಲಿ. ಕಾಂಡವನ್ನು ಸೊಂಟದ ಎತ್ತರಕ್ಕೆ ಬಿಟ್ಟು ಕಡಿ. ಆಮೇಲೆ ಅದೇ ನಿನಗೆ ಹಿಡಿಕೆ. ಬೊಡ್ಡಿಯ ಸುತ್ತ ಗುದ್ದಲಿ, ಹಾರಿ ಹಾಕಿ ತೋಡು. ಒಂದು ಗೇಣು ದಾಟಿ, ಅಂದರೆ ಒಂದು ಅಡಿಯ ಆಳದಲ್ಲಿ, ಬೇರು ಕಡಿ. ಸುತ್ತ ಹರಡಿದ ಬೇರನ್ನೂ ಕಡಿದು, ಉಳಿಸಿಕೊಂಡ ಕಾಂಡ ಹಿಡಿದು ಅಲ್ಲಾಡಿಸಿದರೆ ಬೊಡ್ಡಿ ಮೇಲೆ ಬರುತ್ತದೆ. ಮಲಗಿದ್ದ ಮೊಗ್ಗೆಲ್ಲ ಅದರ ಜೊತೆಗೇ ಹೊರಗೆ ಬಂತು, ಇನ್ನು ಅಲ್ಲಿ ಚಿಗುರುವುದಿಲ್ಲ. ಲಂಟಾನಕ್ಕೂ ಇಂಥದ್ದೇ ಉಪಾಯ. ದಿಲ್ಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ತೋರಿಸಿಕೊಟ್ಟ ರೀತಿಯಲ್ಲಿ ಅದರ ಬೇರನ್ನು ನೆಲದಿಂದ ಎರಡು-ಮೂರು ಬೆರಳು ಕೆಳಗೆ ಕಡಿದು ಕಂಟಿಯನ್ನು ತಲೆಕೆಳಗು ಮಾಡಿ ಇಟ್ಟರೆ ಸಾಕು, ಒಣಗುತ್ತದೆ. ಜಾಲಿ ಅಷ್ಟು ಸುಲಭದ್ದಲ್ಲ. ಇಬ್ಬರು ಗಟ್ಟಿ ಹುಡುಗರು ಒಂದು ಮುಂಜಾನೆ ನಾಲ್ಕು ಬೊಡ್ಡಿ ತೆಗೆದರೆ ಅದು ಕೆಲಸ. ನಲವತ್ತು ಕಡಿದು ಬಂದೆವು ಅನ್ನುವವರ ಮಾತು ಬೇಡ.

ಜೆಸಿಬಿ ತರಿಸೋಣವೇ ಎಂದು ನೀನು ಕೇಳುತ್ತೀ, ಗೊತ್ತು. ನಿನ್ನದೇ ಹೊಲ, ತೆಗೆದ ಕೂಡಲೇ ನೇಗಿಲು ಹೊಡೆದು ಅದೇ ಹಂಗಾಮಿನಲ್ಲಿ ಬಿತ್ತುವ ಗಟ್ಟಿ ಮನಸ್ಸು ಇದ್ದರೆ ತರಿಸು, ಅದು ಸರಿಯಾದ ಖರ್ಚು. ಬಿತ್ತುವುದಿಲ್ಲ ಎಂದಾದರೆ ಬೇಡ. ಕೆದಕಿದ ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿದ ಜಾಲಿ ಬೀಜ ಮೇಲೆ ಬರುತ್ತವೆ, ಮೊದಲ ಮಳೆಗೇ ಹೊಲ ಹಸಿರಾಗುತ್ತದೆ, ಆ ಹಸಿರು ನೋಡಿ ನಿನ್ನ ಎದೆ ಒಡೆಯುತ್ತದೆ. ಒಡ್ಡಿನ ಮೇಲೆ, ಹಳ್ಳದ ದಂಡೆಯ ಮೇಲೆ ಮಾತ್ರ ಯಂತ್ರ ತರಲೇಬೇಡ. ಅಲ್ಲಿ ಮಣ್ಣು ಹಿಡಿದಿರುವುದೇ ಆ ಬೇರು. 2019ರ ಪ್ರವಾಹದಲ್ಲಿ ಘಟಪ್ರಭೆ, ಕೃಷ್ಣೆ ದಂಡೆ ಮೀರಿ ಹೊಲಕ್ಕೆ ಬಂದದ್ದನ್ನು ನೀನೇ ಕಂಡಿದ್ದೀ. ದಂಡೆಯಲ್ಲಿ ಮೊದಲು ಹೊಂಗೆ, ಹುಲ್ಲು ಹಚ್ಚು. ಅವು ಬೇರು ಬಿಟ್ಟ ಮೇಲೆ ಜಾಲಿಯನ್ನು ಒಂದೊಂದಾಗಿ ತೆಗೆ. ಅಲ್ಲಿಯವರೆಗೆ ಚಿಗುರು ಬಂದಂತೆಲ್ಲ ಸವರುತ್ತಿರು, ಕಾಯಿ ಬಿಡಲು ಬಿಡಬೇಡ.

ಕಾಯಿಯ ಮಾತು ಬಂತು, ಅದನ್ನು ಸರಿಯಾಗಿ ತಿಳಿದುಕೋ. ಈ ಗಿಡದ ಎಲೆಯನ್ನು ದನ ಮುಟ್ಟುವುದಿಲ್ಲ, ಕಾಯಿಯನ್ನು ಮಾತ್ರ ಹುಡುಕಿ ತಿನ್ನುತ್ತದೆ. ಸುತ್ತಲಿನ ಹುಲ್ಲು, ಬಾರಿ, ಕವಳಿ ಎಲ್ಲ ಮೇದು ಹೋಗುತ್ತವೆ, ಜಾಲಿ ಉಳಿಯುತ್ತದೆ. ಕಾಯಿಯ ಗಟ್ಟಿ ಬೀಜ ಹೊಟ್ಟೆಯಲ್ಲಿ ಕರಗದೆ ಸಗಣಿಯ ಜೊತೆ ಬೀಳುತ್ತದೆ, ಗೊಬ್ಬರ ಸಮೇತ. ಅಂದಮೇಲೆ ಬೇಸಿಗೆಯಲ್ಲಿ ಜಾಲಿಕಾಯಿ ಮೇಯ್ದ ದನವನ್ನು ಸ್ವಚ್ಛ ಮಾಡಿದ ಹೊಲಕ್ಕೆ ನೇರ ಬಿಟ್ಟರೆ ನೀನೇ ಬಿತ್ತಿದಂತಾಯಿತು. ಕೆಲವು ದಿನ ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕು, ಆ ಸಗಣಿಯನ್ನು ತಿಪ್ಪೆಯಲ್ಲಿ ಚೆನ್ನಾಗಿ ಕಳಿಯಗೊಡು. ಕುರಿ ತರುಬಿಸುವ ಮೊದಲೂ ಕುರುಬರನ್ನು ಕೇಳು, ಹಿಂಡು ಎಲ್ಲಿ ಮೇಯ್ದು ಬಂದಿದೆ ಎಂದು. ಇನ್ನೂ ಚೆನ್ನಾದ ಉಪಾಯ ಎಂದರೆ ಕಾಯಿ ಉದುರುವ ಮೊದಲೇ ಆರಿಸಿ, ಗರಿಗರಿ ಒಣಗಿಸಿ, ಗಿರಣಿಯಲ್ಲಿ ಬೀಜ ಸಮೇತ ಬೀಸಿ ಹಿಟ್ಟು ಮಾಡುವುದು. ಸಿಹಿ ಇದೆ, ಪ್ರೋಟೀನೂ ಇದೆ. ಬೇರೆ ಮೇವಿನ ಜೊತೆ ಮಿತಿಯಾಗಿ ಬೆರೆಸಿದರೆ ದನಕ್ಕೆ ಒಳ್ಳೆಯದು. ಬೀಸಿದ ಬೀಜ ಮತ್ತೆ ಹುಟ್ಟುವುದಿಲ್ಲ. ಕಾಯಿ ಆರಿಸುವುದು ಕಡಿಯುವುದರ ಅರ್ಧದಷ್ಟು ಕೆಲಸ, ಆದರೆ ಅದರ ಫೋಟೋ ಯಾರೂ ಹಾಕುವುದಿಲ್ಲ.

ಕಬ್ಬಿನ ಹೊಲದ ಒಡೆಯರಿಗೆ ಒಂದು ಮಾತು. ಮುಧೋಳ, ಜಮಖಂಡಿ ಕಡೆ ನೀರು ಹೆಚ್ಚಾಗಿ ಸವಳು-ಜವಳಾದ ಹೊಲಗಳನ್ನು ಬೀಳು ಬಿಟ್ಟಿದ್ದಾರೆ, ಅಲ್ಲಿ ಜಾಲಿ ತಾನಾಗಿ ನಿಂತಿದೆ. ಅದಕ್ಕೆ ಉಪ್ಪಿನ ಅಂಜಿಕೆ ಇಲ್ಲ. ಅಂಥ ಹೊಲದಲ್ಲಿ ಜಾಲಿಯನ್ನಷ್ಟೇ ಕಿತ್ತು ಪ್ರಯೋಜನವಿಲ್ಲ, ಇನ್ನೇನೂ ಬೆಳೆಯದ ನೆಲಕ್ಕೆ ಅದೇ ತಿರುಗಿ ಬರುತ್ತದೆ. ಮೊದಲು ಬಸಿಗಾಲುವೆ ತೆಗೆ, ನೀರು ಹರಿದು ಹೋಗಲಿ. ಡಯಾಂಚ ಬಿತ್ತಿ ಹಸಿರು ಗೊಬ್ಬರ ಮಾಡು. ಕಬ್ಬಿಗೆ ನೀರು ಬಿಡುವ ಕೈ ಸ್ವಲ್ಪ ಹಿಡಿ. ಜಾಲಿ ಬಂದದ್ದು ನೆಲ ಕೆಟ್ಟ ಮೇಲೆ.

ಹೊಲ ನಿನ್ನದಲ್ಲದಿದ್ದರೆ ಕೇಳಿ ಕೈ ಹಾಕು. ಗಾಯರಾಣಕ್ಕೆ ಪಂಚಾಯತಿ ಮತ್ತು ತಹಶೀಲ್ದಾರರ ಕಚೇರಿ, ಗುಡ್ಡಕ್ಕೆ ಅರಣ್ಯ ಇಲಾಖೆ, ಆಲಮಟ್ಟಿ ಹಿನ್ನೀರಿನ ದಂಡೆಗೆ ಕೃಷ್ಣಾ ಭಾಗ್ಯ ಜಲ ನಿಗಮ. ಬೀಳಗಿ-ಮುಧೋಳದ ನಡುವೆ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಇದೆ, ಸುಮಾರು 96 ಚದರ ಕಿಲೋಮೀಟರ್. ಚಿಂಕಾರಕ್ಕೆ ಬೇಕಾದದ್ದು ಬಯಲು, ಹುಲ್ಲು, ಅಲ್ಲಲ್ಲಿ ಕುರುಚಲು. ದೂರದಿಂದ ಅಪಾಯ ಕಂಡು ಓಡುವ ಪ್ರಾಣಿ ಅದು, ದಟ್ಟ ಮುಳ್ಳಿನಲ್ಲಿ ಅದು ಬದುಕಲಾರದು. ಅದಕ್ಕೋಸ್ಕರ ದುಡಿಯುವ ಮನಸ್ಸು ನಿನಗಿದ್ದರೆ ಅದು ಪುಣ್ಯದ ಕೆಲಸ, ಆದರೆ ಧಾಮದೊಳಗೆ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಟೊಂಗೆಯನ್ನೂ ಮುಟ್ಟಬೇಡ. ಮರಿ ಹಾಕುವ ಕಾಲದಲ್ಲಿ ಅನುಮತಿ ಇದ್ದರೂ ದೂರ ಇರು.

ಕಚೇರಿ ಕೇಳಿದರೆ ಸಾಲದು, ಇನ್ನೊಬ್ಬರನ್ನು ಕೇಳಬೇಕು. ಸಂಜೆ ಊರ ಹಾದಿಯಲ್ಲಿ ತಲೆ ಮೇಲೆ ಜಾಲಿ ಕಟ್ಟಿಗೆಯ ಹೊರೆ ಹೊತ್ತು ಬರುವ ಅವ್ವಂದಿರನ್ನು ನೋಡಿದ್ದೀಯಲ್ಲ. ಗ್ಯಾಸ್ ಸಿಲಿಂಡರ್ ಮನೆಯಲ್ಲಿದೆ, ತುಂಬಿಸಲು ದುಡ್ಡು ಪ್ರತಿ ತಿಂಗಳು ಇರುವುದಿಲ್ಲ. ಹೊಲವಿಲ್ಲದವರ ಮನೆಯಲ್ಲಿ ರೊಟ್ಟಿ ಬೇಯುವುದು ಈ ಗಿಡದಿಂದಲೇ. ನೀನು ಊರ ಮಗ್ಗುಲಿನ ಜಾಲಿಯನ್ನು ಒಂದೇ ಸಲ ತೆಗೆದುಹಾಕಿದರೆ ಆ ತಾಯಿ ಇನ್ನೆರಡು ಮೈಲಿ ಹೆಚ್ಚು ನಡೆಯಬೇಕು. ನಿನ್ನ ಒಳ್ಳೆಯ ಕೆಲಸದ ಭಾರ ಅವಳ ತಲೆ ಮೇಲೆ ಬೀಳಬಾರದು. ಅವಳನ್ನೇ ಮೊದಲು ಕೇಳು, ಯಾವ ಕಂಟಿ ತೆಗೆಯಲಿ, ಯಾವುದು ಬಿಡಲಿ ಎಂದು. ತೆಗೆದ ಕಟ್ಟಿಗೆಯನ್ನು ಮುಳ್ಳು ಸವರಿ, ತುಂಡು ಮಾಡಿ ಅವಳ ಮನೆ ಮುಂದೆ ಇಳಿಸು. ಮಾರಿದರೆ ಅದರ ದುಡ್ಡಿನಲ್ಲಿ ಕೂಲಿ ಕೊಡು. ಊರ ಹತ್ತಿರ ಒಂದಿಷ್ಟು ಜಾಗವನ್ನು ಉರುವಲಿಗೆಂದೇ ಬಿಡು, ಅಲ್ಲಿಯ ಕಂಟಿಗಳನ್ನು ಒಂದೇ ಕಾಂಡಕ್ಕೆ ಸವರಿ ಗಿಡವಾಗಿಸು, ಕಾಯಿ ಮಾತ್ರ ತಪ್ಪದೆ ಆರಿಸು. ಈ ಮಾತಿಗೆ ನಿನ್ನ ಗೆಳೆಯರು ಒಪ್ಪದಿದ್ದರೆ ಅವರನ್ನು ಒಂದು ದಿನ ಆ ಹೊರೆ ಹೊತ್ತು ನಡೆಯಲು ಹೇಳು.

ಬೆಂಕಿ ಹಚ್ಚಬೇಡ. ಹುಲ್ಲು ಸುಡುತ್ತದೆ, ಮೊಲ, ಹಕ್ಕಿಗೂಡು ಸುಡುತ್ತವೆ, ಜಾಲಿ ಬುಡದಿಂದ ಮತ್ತೆ ಏಳುತ್ತದೆ. ಅಂಗಡಿಯವರು ಹೇಳಿದರೆಂದು ಔಷಧಿ ಹೊಡೆಯಬೇಡ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಗ್ಲೈಫೊಸೇಟನ್ನು ಪರವಾನಗಿ ಪಡೆದ ಕೀಟ ನಿಯಂತ್ರಣದವರಷ್ಟೇ ಬಳಸಬೇಕೆಂದು ಆದೇಶ ಹೊರಡಿಸಿತು, ಸುಮ್ಮನೆ ಹೊರಡಿಸಲಿಲ್ಲ. ಔಷಧಿ ಬೇಕೇ ಬೇಕೆನಿಸಿದರೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳು. ಕಾಲಿಗೆ ಗಟ್ಟಿ ಅಟ್ಟೆಯ ಬೂಟು ಇರಲಿ, ಈ ಮುಳ್ಳು ರಬ್ಬರ್ ಚಪ್ಪಲಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಕಣ್ಣಿಗೆ ಕನ್ನಡಕ ಇರಲಿ. ಧನುರ್ವಾಯುವಿನ ಇಂಜೆಕ್ಷನ್ ಆಗಿದೆಯೇ ಎಂದು ಎಲ್ಲರನ್ನೂ ಕೇಳು. ಮುಳ್ಳು ಒಳಗೆ ಮುರಿದರೆ ಪಿನ್ನಿನಿಂದ ಕೆದಕುತ್ತ ಕೂರಬೇಡ, ಡಾಕ್ಟರ ಹತ್ತಿರ ಹೋಗು. ಬುಡಕ್ಕೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟು, ಮಡ್ಡಿಯ ಕಲ್ಲಿನಡಿ ಹಾವು ಇರುತ್ತವೆ.

ಕಾಂಗ್ರೆಸ್ ಕಸವನ್ನೂ ಇದೇ ಹುರುಪಿನಲ್ಲಿ ಕೀಳುತ್ತೇವೆ ಅನ್ನುತ್ತೀರಿ. ಸಂತೋಷ. ಹೂ ಬಿಡುವ ಮೊದಲು ಕೀಳಬೇಕು, ಬರಿಗೈಯಲ್ಲಿ ಮುಟ್ಟಬಾರದು, ಕಜ್ಜಿ, ಉಬ್ಬಸ ಬರುತ್ತದೆ. ಮಳೆಗಾಲದಲ್ಲಿ ಅದರ ಎಲೆ ತಿನ್ನುವ ಸಣ್ಣ ಪಟ್ಟೆಯ ದುಂಬಿ ಕಂಡರೆ ಕೊಲ್ಲಬೇಡ. ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಯ ಸಂತಾನ ಅದು, ನಿನ್ನ ಪರವಾಗಿಯೇ ದುಡಿಯುತ್ತಿದೆ.

ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ತೆಗೆದ ಜಾಗವನ್ನು ಬರಿದು ಬಿಡಬೇಡ. ಹುಲ್ಲಿನ ಬೀಜ ಚೆಲ್ಲು. ಬಾರಿ, ಬೇವು, ಕವಳಿ, ಕರಿಜಾಲಿ, ಬನ್ನಿ ಹಚ್ಚು. ಮಡ್ಡಿಯಲ್ಲಿ ಆವರಿಕೆ ತಾನಾಗಿಯೇ ಬರುತ್ತದೆ, ಬಂದರೆ ಕಾಪಾಡು. ಮುಂದಿನ ವರ್ಷ ಮಿರಗಕ್ಕೆ ಅದೇ ಜಾಗಕ್ಕೆ ಹೋಗಿ ಹೊಸ ಸಸಿ ಕೀಳು, ಅದರ ಮುಂದಿನ ವರ್ಷವೂ ಹೋಗು. ಮಣ್ಣಿನಲ್ಲಿ ಮಲಗಿದ ಬೀಜ ವರ್ಷಾನುಗಟ್ಟಲೆ ಬದುಕಿರುತ್ತದೆ. ಅದಕ್ಕೇ ನೂರು ಎಕರೆ ಹಿಡಿಯಬೇಡ, ತಿರುಗಿ ತಿರುಗಿ ನೋಡಲು ಆಗುವಷ್ಟು ಹಿಡಿ. ನಿಮ್ಮ ಗುಂಪಿಗೆ ಎರಡು ಎಕರೆ ಸಾಕು. ಎರಡು ಎಕರೆ ಹುಲ್ಲಾದದ್ದು ಕಂಡರೆ ಪಕ್ಕದ ಹೊಲದವ ತಾನಾಗಿ ಹಾರಿ ಹಿಡಿದು ಬರುತ್ತಾನೆ. ಈ ಸೀಮೆಯ ಜನ ಹಾಗೆ ಬಂದದ್ದಕ್ಕೆ ಸಾಕ್ಷಿ ಇದೆ. ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಅಡ್ಡಲಾಗಿ ಶ್ರಮಬಿಂದು ಸಾಗರ ನಿಂತದ್ದು 1989ರಲ್ಲಿ. ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ರೈತರು ತಾವೇ ವಂತಿಗೆ ಹಾಕಿ, ತಾವೇ ಬೆವರು ಸುರಿಸಿ ಕಟ್ಟಿದ ಬ್ಯಾರೇಜು ಅದು. ಅದನ್ನು ಕಟ್ಟಿದವರ ಮೊಮ್ಮಕ್ಕಳು ನಿಮ್ಮ ಗುಂಪಿನಲ್ಲೇ ಇರಬಹುದು, ವಿಚಾರಿಸು.

ಅದಕ್ಕೆ ಈ ಭಾನುವಾರ ಕಡಿಯುವುದನ್ನು ಬಿಡು. ಅದರ ಬದಲು ಮಡ್ಡಿ ಪೂರ್ತಿ ನಡೆದು ಬಾ. ಎಲ್ಲಿ ಹುಲ್ಲು ಉಳಿದಿದೆ, ಎಲ್ಲಿ ಸಸಿ ಕಾಲಿಟ್ಟಿದೆ, ಎಲ್ಲಿ ಕಾಯಿ ಬಲಿತಿದೆ, ಯಾರು ಕಟ್ಟಿಗೆ ಒಯ್ಯುತ್ತಾರೆ, ಒಂದು ಹಾಳೆಯಲ್ಲಿ ಬರೆದು ತಂದು ನನಗೆ ತೋರಿಸು. ಮಿರಗದ ಮಳೆ ಬಿದ್ದ ಮೇಲೆ ಶುರು ಮಾಡೋಣ. ಹಾರಿ, ಗುದ್ದಲಿ ಇಲ್ಲದಿದ್ದರೆ ನಮ್ಮ ಮನೆಯವು ಒಯ್ಯಿ. ಮಣ್ಣು ತೊಳೆದು ತಿರುಗಿ ತಂದಿಡು.